ಒಂದೇ ಸೀಸೆಯಲ್ಲಿ ಆಕಾರವೂ ಕೆಲಸವೂ: ಮೊಟ್ಟೆಯ ಲೈಸೋಜೈಮ್ ಪುಡಿಯ ವಿಮರ್ಶೆ

ಕಿಣ್ವದ ಆಕಾರವನ್ನು ನೋಡಬೇಕು, ಅದು ಕೆಲಸ ಮಾಡುವ ವೇಗವನ್ನೂ ಅಳೆಯಬೇಕು, ಎರಡೂ ಒಂದೇ ಮೇಜಿನ ಮೇಲೆ ಒಂದೇ ವಾರದಲ್ಲಿ ಮುಗಿಯಬೇಕು ಅನ್ನುವವರಿಗೆ ಆಯ್ಕೆಗಳು ಕಡಿಮೆ. ಸುಲಭವಾಗಿ ಅಳೆಯಬಹುದಾದ ಅನೇಕ ಕಿಣ್ವಗಳು ಹರಳುಗಟ್ಟಲು ತಿಂಗಳುಗಟ್ಟಲೆ ಸತಾಯಿಸುತ್ತವೆ. ಆ ತೊಡಕಿಲ್ಲದ ಸೀಸೆ ಎಂದರೆ ಕೋಳಿಮೊಟ್ಟೆಯ ಬಿಳಿಯಿಂದ ತೆಗೆದು ಒಣಗಿಸಿದ ಲೈಸೋಜೈಮ್, ಅಂದರೆ ಬ್ಯಾಕ್ಟೀರಿಯಾಗಳ ಹೊರಗೋಡೆಯ ಸಕ್ಕರೆ ಸರಪಳಿಗಳನ್ನು ಕಡಿಯುವ ಕಿಣ್ವ. ಇಲ್ಲಿರುವುದು ಒಂದು ಕಂಪನಿಯ ಮಾಲಿನ ವಿಮರ್ಶೆಯಲ್ಲ. ಪ್ರಯೋಗಾಲಯ ದರ್ಜೆಯ ಈ ಪುಡಿಯನ್ನು ಹೇಗೆ ಆರಿಸಬೇಕು, ಅದರಿಂದ ಏನು ಸಾಧ್ಯ, ಎಲ್ಲೆಲ್ಲಿ ಕೈಕೊಡುತ್ತದೆ ಎಂಬ ಲೆಕ್ಕ.

ಅಲೆಕ್ಸಾಂಡರ್ ಫ್ಲೆಮಿಂಗ್ ಈ ಕಿಣ್ವದ ಬಗ್ಗೆ ಬರೆದದ್ದು 1922ರಲ್ಲಿ, ಪೆನಿಸಿಲಿನ್‌ಗಿಂತ ಮೊದಲು. 1937ರ ಹೊತ್ತಿಗೆ ಅದರ ಹರಳುಗಳು ಸಿಕ್ಕಿದ್ದವು. 1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳ ಮೂಲಕ 2 ಆಂಗ್‌ಸ್ಟ್ರಾಂ (ಆಂಗ್‌ಸ್ಟ್ರಾಂ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಸೂಕ್ಷ್ಮತೆಯಲ್ಲಿ ಅದರ ರಚನೆ ಬಿಡಿಸಿದರು. ಮೂರು ಆಯಾಮದಲ್ಲಿ ಕಣ್ಣಿಗೆ ಬಿದ್ದ ಮೊಟ್ಟಮೊದಲ ಕಿಣ್ವ ಇದೇ. ಅವರು ಬೆಳೆಸಿದ ಬಗೆಯ ಹರಳನ್ನೇ ಈ ಪುಡಿಯಿಂದ ಒಂದೇ ರಾತ್ರಿಯಲ್ಲಿ ಬೆಳೆಸಬಹುದು. ವಿಜ್ಞಾನದ ಇತಿಹಾಸದ ಒಂದು ಘಟ್ಟವನ್ನು ಹೀಗೆ ಕೈಯಾರೆ ಮತ್ತೆ ಮಾಡಿ ನೋಡುವ ಅವಕಾಶ ಬೇರೆ ಕಿಣ್ವಗಳಲ್ಲಿ ಅಪರೂಪ.

ಅಣು ಚಿಕ್ಕದು: 129 ಅಮೈನೋ ಆಮ್ಲಗಳು, ತೂಕ ಸುಮಾರು 14.3 ಕಿಲೋಡಾಲ್ಟನ್. ನಾಲ್ಕು ಡೈಸಲ್ಫೈಡ್ ಬೆಸುಗೆಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಸಮವಿದ್ಯುತ್ ಬಿಂದು, ಅಂದರೆ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್, 11ರ ಆಸುಪಾಸು ಇರುವುದರಿಂದ ನಾವು ಬಳಸುವ ಎಲ್ಲ ಬಫರ್‌ಗಳಲ್ಲೂ ಅದಕ್ಕೆ ಧನ ವಿದ್ಯುದಂಶ. ಈ ಕೊನೆಯ ಸಂಗತಿಯನ್ನು ನೆನಪಿಡಿ. ಮುಂದೆ ಎದುರಾಗುವ ಹಲವು ತಕರಾರುಗಳ ಬೇರು ಅದೇ.

ಕೊಳ್ಳುವಾಗ ಚೀಟಿಯ ಮೇಲೆ ಮೂರು ಸಂಗತಿ ನೋಡಬೇಕು. ಮೊದಲನೆಯದು ತಯಾರಿಯ ರೀತಿ. 'ಮೂರು ಬಾರಿ ಹರಳುಗಟ್ಟಿಸಿ, ಡಯಾಲಿಸಿಸ್ ಮಾಡಿ, ಶೈತ್ಯದಲ್ಲಿ ಒಣಗಿಸಿದ್ದು' (ಡಯಾಲಿಸಿಸ್ ಎಂದರೆ ಸಣ್ಣ ಅಣುಗಳನ್ನಷ್ಟೇ ಬಿಡುವ ಪೊರೆಯ ಮೂಲಕ ಲವಣ ತೆಗೆಯುವುದು) ಎಂದಿದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಚೀಸ್ ಕೆಡದಂತೆ ಬಳಸುವ ಆಹಾರ ದರ್ಜೆಯ ಲೈಸೋಜೈಮ್ ಅಗ್ಗ, ಕ್ರಿಯಾಶೀಲತೆಯ ಪಾಠಕ್ಕೆ ಸಾಕು, ಹರಳಿಗೆ ಬೇಡ. ಎರಡನೆಯದು ಪ್ರೋಟೀನ್ ಪ್ರಮಾಣ. ಒಳ್ಳೆಯ ಮಾಲಿನಲ್ಲೂ ತೂಕದ ಶೇಕಡಾ 90ರ ಮೇಲೆ ಪ್ರೋಟೀನ್, ಉಳಿದದ್ದು ಬಫರ್ ಲವಣ ಮತ್ತು ತೇವ. ಮೂರನೆಯದು ಯೂನಿಟ್‌ನ ವ್ಯಾಖ್ಯೆ. ಒಂದು ಚೀಟಿಯಲ್ಲಿ ಮಿಲಿಗ್ರಾಂಗೆ 40,000, ಇನ್ನೊಂದರಲ್ಲಿ ಒಂದು ಲಕ್ಷ ಎಂದಿದ್ದರೆ ಎರಡನೆಯದು ಎರಡೂವರೆ ಪಟ್ಟು ಮೇಲು ಎಂದು ತೀರ್ಮಾನಿಸಬೇಡಿ. ಎರಡೂ ಒಂದೇ ಪಿಎಚ್, ಒಂದೇ ತಾಪ, ಒಂದೇ ಘನ ಅಳತೆಯಲ್ಲಿ ಅಳೆದ ಯೂನಿಟ್‌ಗಳೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹೆಚ್ಚು ಬಳಕೆಯಲ್ಲಿರುವ ವ್ಯಾಖ್ಯೆ ಹೀಗಿದೆ: ಪಿಎಚ್ 6.24, 25 ಡಿಗ್ರಿ ಸೆಲ್ಸಿಯಸ್, 2.6 ಮಿಲಿಲೀಟರ್ ಮಿಶ್ರಣ, ಮೈಕ್ರೋಕಾಕಸ್ ಲೈಸೋಡೀಕ್ಟಿಕಸ್ ಎಂಬ ಬ್ಯಾಕ್ಟೀರಿಯಾದ ಕೋಶಗಳನ್ನು ಕಲಸಿದ ಮಬ್ಬು ದ್ರವ; ಕಿಣ್ವ ಕೋಶಗಳನ್ನು ಒಡೆದಂತೆ ಮಬ್ಬು ತಿಳಿಯಾಗುತ್ತದೆ. 450 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆಯನ್ನು ನಿಮಿಷಕ್ಕೆ 0.001ರಷ್ಟು ಇಳಿಸುವ ಕಿಣ್ವದ ಪ್ರಮಾಣವೇ ಒಂದು ಯೂನಿಟ್.

ಸೀಸೆ ಮೈನಸ್ 20 ಡಿಗ್ರಿಯಲ್ಲಿರಲಿ. ಹೊರತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ. ಕೋಣೆಯ ತಾಪಕ್ಕೆ ಬರುವ ತನಕ ಅರ್ಧ ಗಂಟೆ ಕಾಯಿರಿ. ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂತರೆ ಮುಂದಿನ ಪ್ರತಿ ತೂಕವೂ ತಪ್ಪುತ್ತದೆ. ಪುಡಿ ಬಹಳ ಹಗುರ, ಹಾರುತ್ತದೆ, ಮೊಟ್ಟೆಯ ಅಲರ್ಜಿ ಇರುವವರಿಗೆ ಅಪಾಯಕಾರಿ. ತೂಕ ಮಾಡುವಾಗ ಮುಖಗವಸು, ಕೈಗವಸು ಹಾಕಿಕೊಳ್ಳಿ.

50 ಮಿಲಿಗ್ರಾಂ ಪುಡಿಗೆ ಪಿಎಚ್ 4.6ರ 0.1 ಮೋಲಾರ್ ಸೋಡಿಯಂ ಅಸಿಟೇಟ್ ಬಫರ್ ಒಂದು ಮಿಲಿಲೀಟರ್. ಮೇಲಿನಿಂದ ಸುರಿದು ಹಾಗೇ ಬಿಡಿ, ಆಮೇಲೆ ಟ್ಯೂಬನ್ನು ಮೆಲ್ಲಗೆ ಮಗುಚಿ. ಜೋರಾಗಿ ಅಲುಗಾಡಿಸಿದರೆ ನೊರೆ ಏಳುತ್ತದೆ. ನೊರೆಯ ಗುಳ್ಳೆಗಳ ಅಂಚಿನಲ್ಲಿ ಪ್ರೋಟೀನ್ ಬಿಚ್ಚಿಕೊಂಡು ಸಣ್ಣ ಎಳೆಗಳಾಗುತ್ತದೆ, ಆ ಎಳೆಗಳು ಹನಿಯಲ್ಲಿ ಬೇಡದ ಕಡೆ ಹರಳು ಹುಟ್ಟಿಸುತ್ತವೆ. ಕರಗಿದ ಮೇಲೆ ಮೈಕ್ರೋಸೆಂಟ್ರಿಫ್ಯೂಜಿನ ಪೂರ್ಣ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ಇಲ್ಲಿ ಅನೇಕರು ಬಿಡುವ ಒಂದು ಹಂತವಿದೆ: ಸಾಂದ್ರತೆಯನ್ನು ಅಳೆಯುವುದು. ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಲೈಸೋಜೈಮ್ ಇದ್ದರೆ 280 ನ್ಯಾನೋಮೀಟರ್‌ನಲ್ಲಿ ಒಂದು ಸೆಂಟಿಮೀಟರ್ ದಾರಿಗೆ ಹೀರಿಕೆ ಸುಮಾರು 2.64. ದ್ರಾವಣವನ್ನು ನೂರು ಪಟ್ಟು ಡೈಲ್ಯೂಟ್ ಮಾಡಿದಾಗ 1.32 ಬಂದರೆ ನಿಜಕ್ಕೂ 50 ಇದೆ. 1.15 ಬಂದರೆ 43.6 ಮಾತ್ರ. ತಕ್ಕಡಿ ಹೇಳಿದ ಸಂಖ್ಯೆಯನ್ನೇ ನಂಬಿದರೆ ಆಮೇಲೆ ಹರಳು ಬಾರದ್ದಕ್ಕೂ ಯೂನಿಟ್ ಕಡಿಮೆ ಕಂಡದ್ದಕ್ಕೂ ಕಾರಣ ಹುಡುಕುತ್ತ ಕೂರಬೇಕಾಗುತ್ತದೆ. ಪುಡಿಯಲ್ಲಿ ಲವಣ ಜಾಸ್ತಿ ಅನ್ನಿಸಿದರೆ ಡಯಾಲಿಸಿಸ್ ಮಾಡಬಹುದು, ಆದರೆ 12ರಿಂದ 14 ಕಿಲೋಡಾಲ್ಟನ್ ಮಿತಿಯ ಸಾಮಾನ್ಯ ನಳಿಕೆ ಬೇಡ. ಲೈಸೋಜೈಮ್ ತಾನೇ 14.3 ಇರುವುದರಿಂದ ಲವಣದ ಜೊತೆ ಅದೂ ಸೋರಿ ಹೋಗುತ್ತದೆ. 3.5 ಕಿಲೋಡಾಲ್ಟನ್ ಮಿತಿಯದು ಸರಿ.

ಈಗ ಹರಳು. ತೂಗುಹನಿ ವಿಧಾನಕ್ಕೆ 24 ಗುಳಿಗಳ ತಟ್ಟೆ, ಸಿಲಿಕೋನ್ ಲೇಪಿಸಿದ ಕವರ್ ಸ್ಲಿಪ್, ಗ್ರೀಸ್ ಬೇಕು. ಮೂರು ದ್ರಾವಣ ಸಿದ್ಧವಿರಲಿ: 1 ಮೋಲಾರ್ ಅಸಿಟೇಟ್ ಬಫರ್, 100 ಮಿಲಿಲೀಟರಿಗೆ 20 ಗ್ರಾಂ ಸೋಡಿಯಂ ಕ್ಲೋರೈಡ್, ಶುದ್ಧ ನೀರು. ಪ್ರತಿ ಗುಳಿಗೂ ಬಫರ್ 100 ಮೈಕ್ರೋಲೀಟರ್. ಉಪ್ಪಿನ ದ್ರಾವಣ ಮೊದಲ ಗುಳಿಗೆ 150, ಆಮೇಲೆ 200, 250, 300, 350, 400. ನೀರು ಸೇರಿಸಿ ಒಟ್ಟು 1000 ಮಾಡಿ. ಆಗ 3ರಿಂದ 8 ಪ್ರತಿಶತ ಉಪ್ಪಿನ ಆರು ಮೆಟ್ಟಿಲು ಸಿಗುತ್ತದೆ. ಕವರ್ ಸ್ಲಿಪ್ ಮೇಲೆ 2 ಮೈಕ್ರೋಲೀಟರ್ ಪ್ರೋಟೀನ್, ಅದರ ಮೇಲೆ ಅದೇ ಗುಳಿಯ ದ್ರಾವಣ 2 ಮೈಕ್ರೋಲೀಟರ್. ಕಲಕದೆ, ಮಗುಚಿ, ಗ್ರೀಸ್ ಮೇಲೆ ಒತ್ತಿ ಮುಚ್ಚಿ. 18ರಿಂದ 20 ಡಿಗ್ರಿಯಲ್ಲಿ ಅಲುಗಾಡದ ಕಡೆ ಇಡಿ.

ಮುಚ್ಚಿದ ಮೇಲೆ ಒಳಗೆ ನಡೆಯುವುದು ಸರಳ. ಬೆರೆಸಿದ ಕ್ಷಣದಲ್ಲಿ ಹನಿಯಲ್ಲಿ ಪ್ರೋಟೀನ್ 25, ಉಪ್ಪು ಗುಳಿಯಲ್ಲಿರುವುದರ ಅರ್ಧ. ಹನಿಯ ನೀರು ಆವಿಯಾಗಿ ಗುಳಿಯ ಕಡೆ ಇಳಿಯುತ್ತದೆ. ಹನಿ ಅರ್ಧಕ್ಕೆ ಕುಗ್ಗುವ ಹೊತ್ತಿಗೆ ಪ್ರೋಟೀನ್ ಮತ್ತೆ 50ರ ಹತ್ತಿರ, ಉಪ್ಪು ಗುಳಿಯಷ್ಟೇ. ಈ ನಿಧಾನದ ಪ್ರಯಾಣದಲ್ಲಿ ಎಲ್ಲೋ ಒಂದು ಕಡೆ ಮೊದಲ ಬೀಜಗಳು ಹುಟ್ಟುತ್ತವೆ. ಹುಟ್ಟಲು ಬೇಕಾದ ಅತಿಸಾಂದ್ರತೆ (ಕರಗಿರಬಹುದಾದ ಮಿತಿಗಿಂತ ಪ್ರೋಟೀನ್ ಎಷ್ಟು ಹೆಚ್ಚಿದೆ ಎಂಬುದು) ದೊಡ್ಡದು, ಬೆಳೆಯಲು ಬೇಕಾದದ್ದು ಚಿಕ್ಕದು. ಒಳ್ಳೆಯ ಹನಿಯಲ್ಲಿ ನಾಲ್ಕೈದು ಬೀಜ ಹುಟ್ಟಿ, ದ್ರಾವಣದ ಸಾಂದ್ರತೆ ಇಳಿದು, ಹೊಸ ಹುಟ್ಟು ನಿಂತು, ಇದ್ದವು ಮಾತ್ರ ಬೆಳೆಯುತ್ತವೆ. ಸಾಮಾನ್ಯವಾಗಿ ನಡುವಿನ ಗುಳಿಗಳಲ್ಲಿ ಮರುದಿನವೇ ಅಂಚು ಚೂಪಾದ, ಗಾಜಿನಂಥ ಹರಳುಗಳು ಕಾಣುತ್ತವೆ. ಎರಡನೆಯ ದಿನಕ್ಕೆ 0.2ರಿಂದ 0.4 ಮಿಲಿಮೀಟರ್. ಈ ಒಂದು ದೃಶ್ಯಕ್ಕೇ ಪುಡಿಗೆ ಪೂರ್ಣ ಅಂಕ ಕೊಡಬಹುದು.

ಕೆಟ್ಟಾಗ ಏನು? 8 ಪ್ರತಿಶತ ಉಪ್ಪಿನ ಗುಳಿಯಲ್ಲಿ ಸೂಜಿಗಳ ಉಂಡೆ ಅಥವಾ ಮರಳಿನಂಥ ಸಣ್ಣ ಹರಳಿನ ಮಳೆ ಕಂಡರೆ ಹುಟ್ಟು ಅತಿಯಾಗಿದೆ ಎಂದರ್ಥ. ಉಪ್ಪನ್ನು ಒಂದು ಪ್ರತಿಶತ ಇಳಿಸಿ, ಇಲ್ಲವೇ ಪ್ರೋಟೀನನ್ನು 30ಕ್ಕೆ ತನ್ನಿ. ಎಲ್ಲ ಹನಿಗಳೂ ಮೂರು ದಿನವಾದರೂ ತಿಳಿಯಾಗಿದ್ದರೆ ಸಾಂದ್ರತೆಯ ಅಳತೆಗೆ ಮರಳಿ. ಗ್ರೀಸ್‌ನಲ್ಲಿ ಸಣ್ಣ ಬಿರುಕಿದ್ದರೆ ಗುಳಿಯೇ ಒಣಗುತ್ತದೆ, ಹನಿಯಲ್ಲಿ ಉಪ್ಪಿನ ಹರಳು ಬರುತ್ತದೆ. ಚೌಕ ಆಕಾರದ ಉಪ್ಪಿನ ಹರಳನ್ನು ಲೈಸೋಜೈಮ್ ಎಂದು ಸಂಭ್ರಮಿಸುವುದು ಸಾಮಾನ್ಯ ತಪ್ಪು. ಗುರುತು ಹಿಡಿಯಲು ಎರಡು ದಾರಿ: ಸೂಜಿಯಿಂದ ಒತ್ತಿದರೆ ಪ್ರೋಟೀನ್ ಹರಳು ಮೆತ್ತಗೆ ಪುಡಿಯಾಗುತ್ತದೆ, ಉಪ್ಪು ಗಟ್ಟಿಯಾಗಿ ಎದುರು ಒತ್ತಿ ಚಟ್ಟನೆ ಒಡೆಯುತ್ತದೆ. ಮೀಥೈಲೀನ್ ಬ್ಲೂ ಹನಿ ಹಾಕಿದರೆ ಪ್ರೋಟೀನ್ ಹರಳಿನ ಒಳಗಿನ ನೀರಿನ ಓಣಿಗಳಿಗೆ ಬಣ್ಣ ಇಳಿಯುತ್ತದೆ, ಉಪ್ಪು ಬಣ್ಣವಿಲ್ಲದೆ ಉಳಿಯುತ್ತದೆ.

ತಾಪವನ್ನು ಹಗುರವಾಗಿ ನೋಡಬೇಡಿ. ಈ ಹರಳಿನ ಕರಗುವಿಕೆ ತಾಪದೊಂದಿಗೆ ಏರುತ್ತದೆ. ತಟ್ಟೆಯನ್ನು ಫ್ರಿಜ್ಜಿಗೆ ಹಾಕಿದರೆ ಅತಿಸಾಂದ್ರತೆ ದಿಢೀರನೆ ಹೆಚ್ಚಿ ಹರಳಿನ ಮಳೆ ಸುರಿಯುತ್ತದೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟರೆ ಹಗಲಲ್ಲಿ ಅಂಚು ಕರಗಿ ರಾತ್ರಿ ಒರಟಾಗಿ ಬೆಳೆಯುತ್ತದೆ. ಬಫರ್ ಮಾಡುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. 1 ಮೋಲಾರ್ ಅಸಿಟಿಕ್ ಆಮ್ಲ ಮತ್ತು 1 ಮೋಲಾರ್ ಸೋಡಿಯಂ ಅಸಿಟೇಟ್‌ಗಳನ್ನು ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿ ಬೆರೆಸಿ, ಪಿಎಚ್ ಮೀಟರ್ ನೋಡಿ 4.6ಕ್ಕೆ ತರುವುದು ಉತ್ತಮ. ಬರೀ ಸೋಡಿಯಂ ಅಸಿಟೇಟ್ ತೆಗೆದುಕೊಂಡು ಹೈಡ್ರೋಕ್ಲೋರಿಕ್ ಆಮ್ಲದಿಂದ ಇಳಿಸಿದರೆ, ಹತ್ತು ಪಟ್ಟು ಡೈಲ್ಯೂಟ್ ಆದ ಮೇಲೂ ಸುಮಾರು 0.3 ಪ್ರತಿಶತ ಉಪ್ಪಿನಷ್ಟು ಕ್ಲೋರೈಡ್ ಗುಳಿಗೆ ಸೇರಿಬಿಡುತ್ತದೆ. ಇಬ್ಬರು ಒಂದೇ ಪಾಕವಿಧಾನ ಬಳಸಿದರೂ ಹರಳು ಬರುವ ಗುಳಿ ಬೇರೆಯಾಗಲು ಇಂಥ ಕಾರಣಗಳು ಸಾಕು.

ಪುಡಿಯ ದೋಷವೂ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಾರುಕಟ್ಟೆಯ ಲೈಸೋಜೈಮ್‌ನಲ್ಲಿ ಮೊಟ್ಟೆಯ ಬೇರೆ ಪ್ರೋಟೀನುಗಳ, ಅಂದರೆ ಓವಾಲ್ಬ್ಯುಮಿನ್, ಓವೋಟ್ರಾನ್ಸ್‌ಫೆರಿನ್‌ಗಳ ಅಂಶ ಉಳಿದಿರುತ್ತದೆ. ಜೋಡಿಯಾಗಿ ಅಂಟಿಕೊಂಡ ಲೈಸೋಜೈಮ್ ಕೂಡ ಇರುತ್ತದೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದರೆ 14 ಕಿಲೋಡಾಲ್ಟನ್ನಿನ ದಪ್ಪ ಗೆರೆಯ ಮೇಲೆ 28, 45, 77ರ ಕಡೆ ತೆಳ್ಳನೆಯ ನೆರಳು ಕಾಣಬಹುದು. ಪಾಠಕ್ಕೆ ಅದು ತೊಂದರೆಯಲ್ಲ. ಆದರೆ ಹರಳಿನ ಬೆಳವಣಿಗೆಯ ವೇಗವನ್ನೇ ಅಳೆಯುವ ಸಂಶೋಧನೆಗೆ ಈ ಅಂಶಗಳು ಹರಳಿನ ಮೇಲ್ಮೈಗೆ ಅಂಟಿ ಪದರಗಳ ಓಟವನ್ನು ಕೆಡಿಸುತ್ತವೆ. ಅಂಥವರು ಇನ್ನೊಮ್ಮೆ ಶುದ್ಧಿ ಮಾಡಿಕೊಳ್ಳಲೇಬೇಕು. ಒಂದು ಲಾಟ್‌ನಿಂದ ಇನ್ನೊಂದು ಲಾಟ್‌ಗೂ ವ್ಯತ್ಯಾಸ ಇರುವುದರಿಂದ ಒಂದು ಅಧ್ಯಯನ ಮುಗಿಯುವ ತನಕ ಒಂದೇ ಲಾಟ್ ಇಟ್ಟುಕೊಳ್ಳಿ.

ಇನ್ನು ಕೆಲಸದ ಅಳತೆ. ಇದಕ್ಕೆ ಒಣಗಿಸಿದ ಮೈಕ್ರೋಕಾಕಸ್ ಕೋಶಗಳು ಬೇರೆಯಾಗಿ ಕೊಳ್ಳಬೇಕು. 100 ಮಿಲಿಲೀಟರಿಗೆ 0.9 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ 25 ಡಿಗ್ರಿಯಲ್ಲಿ ಪಿಎಚ್ 6.24ಕ್ಕೆ ತಂದರೆ 66 ಮಿಲಿಮೋಲಾರ್ ಬಫರ್ ಸಿದ್ಧ. 50 ಮಿಲಿಲೀಟರಿಗೆ 5ರಿಂದ 7.5 ಮಿಲಿಗ್ರಾಂ ಕೋಶ. ನೇರವಾಗಿ ಬಫರಿಗೆ ಉದುರಿಸಿದರೆ ಗಂಟುಗಳಾಗುತ್ತವೆ; ಮೊದಲು ನಾಲ್ಕು ಹನಿ ಬಫರಿನಲ್ಲಿ ನುಣ್ಣಗೆ ಕಲಸಿ, ಆಮೇಲೆ ತೆಳ್ಳಗೆ ಮಾಡಿ. 450 ನ್ಯಾನೋಮೀಟರ್‌ನಲ್ಲಿ ಹೀರಿಕೆ 0.6 ಮತ್ತು 0.7ರ ನಡುವೆ ಬರಲಿ. ಕೋಶದ ಮಬ್ಬನ್ನು ಆಯಾ ದಿನವೇ ಮಾಡಿಕೊಳ್ಳಿ, ಹಿಂದಿನ ದಿನದ್ದು ಬೇಡ.

ಕಿಣ್ವವನ್ನು ಎರಡು ಹಂತದಲ್ಲಿ ತೆಳ್ಳಗೆ ಮಾಡಬೇಕು. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ದ್ರಾವಣದ 100 ಮೈಕ್ರೋಲೀಟರನ್ನು 900 ಬಫರಿಗೆ. ಅದರಿಂದ 75 ತೆಗೆದು 925 ಬಫರಿಗೆ. ಮಿಲಿಗ್ರಾಂಗೆ 40,000 ಯೂನಿಟ್‌ನ ಪುಡಿಯಾದರೆ ಈಗ ಮಿಲಿಲೀಟರಿಗೆ 300 ಯೂನಿಟ್ ಇದೆ. ಕ್ಯುವೆಟ್‌ನಲ್ಲಿ 2.5 ಮಿಲಿಲೀಟರ್ ಕೋಶದ ಮಬ್ಬು, 25 ಡಿಗ್ರಿಗೆ ಬರಲಿ, 0.1 ಮಿಲಿಲೀಟರ್ ಕಿಣ್ವ ಹಾಕಿ, ಮುಚ್ಚಿ ಮೂರು ಬಾರಿ ಮಗುಚಿ, ಐದು ನಿಮಿಷ ಓದಿ. ಜೊತೆಗೆ ಕಿಣ್ವದ ಬದಲು ಬಫರ್ ಹಾಕಿದ ಖಾಲಿ ಓಟ ಒಂದು. ಕಿಣ್ವದ ಓಟದಲ್ಲಿ ನಿಮಿಷಕ್ಕೆ 0.030, ಖಾಲಿ ಓಟದಲ್ಲಿ 0.001 ಇಳಿದರೆ ನಿಜವಾದ ಇಳಿತ 0.029. ಅದನ್ನು 0.001ರಿಂದಲೂ 0.1 ಮಿಲಿಲೀಟರ್‌ನಿಂದಲೂ ಭಾಗಿಸಿದರೆ ಮಿಲಿಲೀಟರಿಗೆ 290 ಯೂನಿಟ್. ಒಟ್ಟು ಡೈಲ್ಯೂಷನ್ 133 ಪಟ್ಟು, ಆದ್ದರಿಂದ ಮಿಲಿಗ್ರಾಂಗೆ ಸುಮಾರು 38,600. ಚೀಟಿಯ ಮಾತಿಗೆ ಹತ್ತಿರವಿದೆ, ಪುಡಿ ಪಾಸು. ಇಳಿತ 0.015 ಮತ್ತು 0.040ರ ನಡುವೆ ಇರುವಂತೆ ಕಿಣ್ವವನ್ನು ಹೊಂದಿಸಿ. ಅದಕ್ಕಿಂತ ವೇಗವಾದರೆ ಕೋಶಗಳು ಬೇಗ ಮುಗಿದು ಗೆರೆ ಬಾಗುತ್ತದೆ, ಲೆಕ್ಕ ಕಡಿಮೆ ತೋರಿಸುತ್ತದೆ.

ಈ ಅಳತೆಯಲ್ಲಿ ಮೂರು ಮೋಸಗಳಿವೆ. ಮೊದಲನೆಯದು ಅಂಟುವಿಕೆ. ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇರುವಾಗ ಧನ ವಿದ್ಯುದಂಶದ ಈ ಪ್ರೋಟೀನ್ ಗಾಜಿನ ಗೋಡೆಗೆ ಅಂಟಿಕೊಳ್ಳುತ್ತದೆ. ಬೆಳಗ್ಗೆ 300 ಇದ್ದದ್ದು ಮಧ್ಯಾಹ್ನ ಕಡಿಮೆ ಕಂಡರೆ ಕಿಣ್ವ ಸತ್ತಿದೆ ಎಂದುಕೊಳ್ಳಬೇಡಿ, ಅದು ಟ್ಯೂಬಿನ ಗೋಡೆಯ ಮೇಲಿದೆ. ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ, ಕೊನೆಯ ಡೈಲ್ಯೂಷನ್ ಅಳತೆಗೆ ತುಸು ಮೊದಲು ಮಾಡಿ. ಎರಡನೆಯದು ಉಪ್ಪು. ಮೈಕ್ರೋಕಾಕಸ್‌ನ ಹೊರಗೋಡೆಗೆ ಋಣ ವಿದ್ಯುದಂಶ, ಕಿಣ್ವಕ್ಕೆ ಧನ. ಆ ಸೆಳೆತವೇ ಕಿಣ್ವವನ್ನು ಗೋಡೆಗೆ ತಂದು ನಿಲ್ಲಿಸುವುದು. ಉಪ್ಪು ಹೆಚ್ಚಾದರೆ ಸೆಳೆತ ಮಂಕಾಗಿ ಇಳಿತ ತಗ್ಗುತ್ತದೆ, ಕಿಣ್ವದ ಗುಣ ಏನೂ ಕೆಟ್ಟಿರದಿದ್ದರೂ. ಮೂರನೆಯದು ಯಂತ್ರ. ಇಲ್ಲಿ ಅಳೆಯುತ್ತಿರುವುದು ಹೀರಿಕೆಯ ಹೆಸರಿನಲ್ಲಿ ಬೆಳಕಿನ ಚದರಿಕೆ. ಚದರಿದ ಬೆಳಕಿನ ಎಷ್ಟು ಪಾಲು ಡಿಟೆಕ್ಟರ್ ತಲುಪುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಎರಡು ಸ್ಪೆಕ್ಟ್ರೋಫೋಟೋಮೀಟರ್‌ಗಳ ಯೂನಿಟ್‌ಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವುದರಲ್ಲಿ ಅರ್ಥವಿಲ್ಲ.

'ಕುದಿಸಿದ ಕಿಣ್ವ'ದ ಹೋಲಿಕೆ ಓಟವೂ ಇಲ್ಲಿ ಕೈಕೊಡುತ್ತದೆ. ಆಮ್ಲೀಯ ಬಫರಿನಲ್ಲಿ ಒಂದೆರಡು ನಿಮಿಷ ಕುದಿಸಿದರೂ ಲೈಸೋಜೈಮ್ ಸಾಯುವುದಿಲ್ಲ. ಬಿಚ್ಚಿಕೊಂಡರೂ ನಾಲ್ಕು ಬೆಸುಗೆಗಳ ಬಲದಿಂದ ತಣ್ಣಗಾದಾಗ ಮತ್ತೆ ಮಡಚಿಕೊಳ್ಳುತ್ತದೆ. ಕುದಿಸಿದ ಟ್ಯೂಬಿನಲ್ಲೂ ಕೋಶಗಳು ಕರಗುವುದನ್ನು ಕಂಡು ಪ್ರಯೋಗ ತಪ್ಪಿತು ಎಂದು ಎಸೆಯಬೇಡಿ. ಅದೇ ಈ ಅಣುವಿನ ಸ್ವಭಾವ.

ಎರಡೂ ಪ್ರಯೋಗಗಳನ್ನು ಬೆಸೆಯುವ ಒಂದು ಪರೀಕ್ಷೆ ಇದೆ, ಈ ಪುಡಿಯನ್ನು ಶಿಫಾರಸು ಮಾಡಲು ಅದೊಂದೇ ಕಾರಣ ಸಾಕು. ಬೆಳೆದ ಹರಳು ಕಿಣ್ವವೇ ಹೌದೇ, ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ? ಚತುಷ್ಕೋನೀಯ ಹರಳಿನ ಮೂಲಕೋಶದ (ಹರಳಿನುದ್ದಕ್ಕೂ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಪೆಟ್ಟಿಗೆಯ) ಎರಡು ಬದಿ ಸುಮಾರು 79 ಆಂಗ್‌ಸ್ಟ್ರಾಂ, ಮೂರನೆಯದು 38, ಒಳಗೆ ಎಂಟು ಅಣು. ಲೆಕ್ಕ ಹಾಕಿದರೆ ಒಂದು ಮಿಲಿಲೀಟರ್ ಹರಳಿನಲ್ಲಿ ಸುಮಾರು 0.8 ಗ್ರಾಂ ಪ್ರೋಟೀನ್. ಘನ ಅಳತೆಯ ಶೇಕಡಾ 40ರಷ್ಟು ನೀರು. 0.3 ಮಿಲಿಮೀಟರ್ ಬದಿಯ ಹರಳಿನ ಗಾತ್ರ 0.027 ಮೈಕ್ರೋಲೀಟರ್, ಅಂದರೆ 21 ಮೈಕ್ರೋಗ್ರಾಂ ಚಿಲ್ಲರೆ ಕಿಣ್ವ, 860 ಯೂನಿಟ್‌ನ ಆಸುಪಾಸು. ಒಂದೇ ಹರಳನ್ನು ಕುಣಿಕೆಯಲ್ಲಿ ಎತ್ತಿ, ಗುಳಿಯ ದ್ರಾವಣದ ಮೂರು ಹೊಸ ಹನಿಗಳಲ್ಲಿ ತೊಳೆದು, ಒಂದು ಮಿಲಿಲೀಟರ್ ಫಾಸ್ಫೇಟ್ ಬಫರಿಗೆ ಬಿಡಿ. ಉಪ್ಪಿಲ್ಲದ ಬಫರಿನಲ್ಲಿ ಕಣ್ಣೆದುರೇ ಕರಗುತ್ತದೆ. ಮೂರು ಪಟ್ಟು ಡೈಲ್ಯೂಟ್ ಮಾಡಿದರೆ ನೇರ ಅಳತೆಯ ವ್ಯಾಪ್ತಿಗೆ ಬರುತ್ತದೆ. ತೊಳೆಯದೆ ಹಾಕಿದರೆ ಹನಿಯಲ್ಲಿ ಉಳಿದ ಪ್ರೋಟೀನ್ ಸೇರಿ ಉತ್ತರಕ್ಕೆ ಬೆಲೆ ಇರುವುದಿಲ್ಲ. ಕೊನೆಯ ತೊಳೆತದ ನೀರನ್ನೂ ಪ್ರತ್ಯೇಕವಾಗಿ ಅಳೆಯಿರಿ. ಅದರಲ್ಲಿ ಇಳಿತ ಇರಬಾರದು.

ಮುಂದಿನ ಪ್ರಶ್ನೆ ಪಿಎಚ್‌ನದು. ಹರಳು ಬೆಳೆದದ್ದು 4.6ರಲ್ಲಿ, ಅಳತೆ 6.24ರಲ್ಲಿ. ಹರಳಿನಲ್ಲಿ ಕಂಡದ್ದು ಕೆಲಸದ ಸ್ಥಿತಿಯೇ? ಕಿಣ್ವದ ಸೀಳಿನಲ್ಲಿ ಎರಡು ಆಮ್ಲಗಳು ಎದುರುಬದುರಾಗಿವೆ: ಗ್ಲುಟಮಿಕ್ ಆಮ್ಲ 35 ಮತ್ತು ಆಸ್ಪಾರ್ಟಿಕ್ ಆಮ್ಲ 52 (ಸಂಖ್ಯೆ ಎಂದರೆ ಅಮೈನೋ ಆಮ್ಲಗಳ ಸರಪಳಿಯಲ್ಲಿ ಅದರ ಸ್ಥಾನ). ಮೊದಲನೆಯದು ಟ್ರಿಪ್ಟೊಫಾನ್ 108ರ ಪಕ್ಕ, ಎಣ್ಣೆಯಂಥ ನೀರು ಒಲ್ಲದ ಮೂಲೆಯಲ್ಲಿ ಕೂತಿರುವುದರಿಂದ ಪ್ರೋಟಾನನ್ನು ಸುಲಭವಾಗಿ ಬಿಡುವುದಿಲ್ಲ. ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್, ಸುಮಾರು 6.2. ಎರಡನೆಯದರದು 3.7ರ ಹತ್ತಿರ. ಹಾಗಾಗಿ ಪಿಎಚ್ 4.6ರಲ್ಲಿ 35 ಬಹುತೇಕ ಪೂರ್ತಿ ಪ್ರೋಟಾನ್ ಹೊತ್ತಿದೆ, 52 ಬಹುತೇಕ ಬಿಟ್ಟಿದೆ. ಕೆಲಸಕ್ಕೆ ಬೇಕಾದ ಜೋಡಿ ಅದೇ. ಹರಳಿನೊಳಗಿನ ಕಿಣ್ವ ಸಜ್ಜಾಗಿಯೇ ಇದೆ. 6.24ರಲ್ಲಿ ಅರ್ಧದಷ್ಟು ಅಣುಗಳಲ್ಲಿ ಮಾತ್ರ 35 ಪ್ರೋಟಾನ್ ಹೊತ್ತಿರುತ್ತದೆ, ಆದರೂ ಅಲ್ಲಿ ಅಳೆಯುವುದು ಅನುಕೂಲ, ಏಕೆಂದರೆ ಕೋಶದ ಮೇಲಿನ ಅಳತೆಯಲ್ಲಿ ಈ ಎರಡು ಆಮ್ಲಗಳ ಜೊತೆ ಗೋಡೆಯ ವಿದ್ಯುದಂಶವೂ ಮಾತಾಡುತ್ತದೆ. ಇದೇ ಕಾರಣಕ್ಕೆ ಕೋಶದ ಮಬ್ಬಿನ ಪಿಎಚ್ ನಕ್ಷೆಯಿಂದ 35ರ ಪಿಕೆಎ ಓದಲು ಹೋಗಬೇಡಿ. ಅದಕ್ಕೆ ಚಿಕ್ಕ, ವಿದ್ಯುದಂಶವಿಲ್ಲದ ಸಕ್ಕರೆ ಸರಪಳಿಗಳು ಬೇಕು, ಮತ್ತು ಅವುಗಳ ಮೇಲೆ ಲೈಸೋಜೈಮ್ ಬಹಳ ನಿಧಾನ: ಆರು ಸಕ್ಕರೆಯ ಕೈಟಿನ್ ತುಂಡಿನ ಮೇಲೆ ಸೆಕೆಂಡಿಗೆ ಒಂದು ಕಡಿತಕ್ಕಿಂತಲೂ ಕಡಿಮೆ.

ಎಕ್ಸ್-ಕಿರಣದ ಯಂತ್ರ ಕೈಗೆಟುಕದವರಿಗೆ ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್ ಇದೆ, ಉಚಿತ. 193ಎಲ್ ಎಂಬ ಕಡತ ಇದೇ ಚತುಷ್ಕೋನೀಯ ಹರಳಿನದು, 1.33 ಆಂಗ್‌ಸ್ಟ್ರಾಂ. 1ಎಚ್‌ಇಡಬ್ಲ್ಯು ಎಂಬುದು ಮೂರು ಸಕ್ಕರೆಯ ಪ್ರತಿಬಂಧಕ (ಕಿಣ್ವದ ಕೆಲಸ ತಡೆಯುವ ಅಣು) ಕೂತಿರುವ ಹರಳು, 1.75 ಆಂಗ್‌ಸ್ಟ್ರಾಂ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಸೀಳಿನ ಅಂಚಿನ ಟ್ರಿಪ್ಟೊಫಾನ್ 62 ಸಕ್ಕರೆಯ ಕಡೆ ವಾಲಿರುವುದು ಕಾಣುತ್ತದೆ. ಆದರೆ ಎರಡನೆಯದರಲ್ಲಿ ಪ್ರತಿಬಂಧಕ ಎಲ್ಲ ಅಣುಗಳಲ್ಲೂ ಕೂತಿಲ್ಲ, ಭಾಗಶಃ ಮಾತ್ರ. ಚಿತ್ರದಲ್ಲಿ ಕಾಣುವುದು ತುಂಬಿದ ಮತ್ತು ಖಾಲಿ ಅಣುಗಳ ಬೆರಕೆ. ಈ ಸೂಕ್ಷ್ಮತೆಯಲ್ಲಿ ಹೈಡ್ರೋಜನ್‌ಗಳೂ ಕಾಣುವುದಿಲ್ಲ ಎಂದೇ ಹೇಳಬೇಕು; 35 ಪ್ರೋಟಾನ್ ಹೊತ್ತಿದೆಯೇ ಎಂಬುದನ್ನು ಪಿಕೆಎಯಿಂದ ಊಹಿಸುತ್ತೇವೆ, ಚಿತ್ರದಿಂದ ಓದುವುದಿಲ್ಲ.

ಫಿಲಿಪ್ಸ್ ತಂಡ ಸಕ್ಕರೆಯ ಜಾಗಗಳಿಗೆ ಎ ಯಿಂದ ಎಫ್ ತನಕ ಹೆಸರಿಟ್ಟಿತು. ಪ್ರತಿಬಂಧಕ ಎ, ಬಿ, ಸಿ ಗಳಲ್ಲಿ ಕೂರುತ್ತದೆ, ಕಡಿತ ಡಿ ಮತ್ತು ಇ ನಡುವೆ. ಆದ್ದರಿಂದಲೇ ಅದು ಕಡಿಯಲ್ಪಡದೆ ಜಾಗ ಹಿಡಿದು ಕೂರುತ್ತದೆ. ಡಿ ಜಾಗದ ಸಕ್ಕರೆ ತಿರುಚಿಕೊಂಡು, 35 ಪ್ರೋಟಾನ್ ಕೊಟ್ಟು, ಬೆಸುಗೆ ಮುರಿದಾಗ ಹುಟ್ಟುವ ಧನ ಅಯಾನನ್ನು 52 ತನ್ನ ಋಣ ವಿದ್ಯುದಂಶದಿಂದ ಸಂಭಾಳಿಸುತ್ತದೆ ಎಂಬುದು ಅವರ ಊಹೆ. ದಶಕಗಳ ಕಾಲ ಪಠ್ಯಗಳಲ್ಲಿ ಅದೇ ಇತ್ತು. 1953ರಲ್ಲೇ ಜೀವರಸಾಯನ ವಿಜ್ಞಾನಿ ಡೇನಿಯಲ್ ಕೋಶ್‌ಲ್ಯಾಂಡ್ ಇಂಥ ಕಿಣ್ವಗಳಿಗೆ ಬೇರೆ ದಾರಿ ಸೂಚಿಸಿದ್ದರು: ಸಕ್ಕರೆ ಕಿಣ್ವದ ಜೊತೆಗೇ ತಾತ್ಕಾಲಿಕವಾಗಿ ಬೆಸೆದುಕೊಳ್ಳುತ್ತದೆ, ಆಮೇಲೆ ನೀರು ಬಂದು ಬಿಡಿಸುತ್ತದೆ. 2001ರಲ್ಲಿ ವೊಕಾಡ್ಲೊ, ಡೇವೀಸ್, ಲೇನ್, ವಿದರ್ಸ್ ಅವರು 35ನ್ನು ಗ್ಲುಟಮಿನ್‌ಗೆ ಬದಲಿಸಿ, ಫ್ಲೋರಿನ್ ಸೇರಿಸಿದ ಸಕ್ಕರೆಯಿಂದ ಕ್ರಿಯೆಯನ್ನು ನಿಧಾನಿಸಿ, 52ರ ಜೊತೆಗಿನ ಆ ಬೆಸುಗೆಯನ್ನೇ ಹಿಡಿದು ತೋರಿಸಿದರು. ಕಡತದ ಗುರುತು 1ಎಚ್6ಎಂ. ಇದನ್ನು ನಿಮ್ಮ ಸೀಸೆಯ ಪುಡಿಯಿಂದ ಮಾಡಲಾಗದು. ಅದರಲ್ಲಿರುವುದು ಬದಲಾಗದ ಕಿಣ್ವ, ಅದು ನಡುವಿನ ಹೆಜ್ಜೆಯಲ್ಲಿ ನಿಲ್ಲುವುದಿಲ್ಲ. ಪುಡಿಯ ಅತಿ ದೊಡ್ಡ ಮಿತಿ ಇದೇ.

ಆದರೆ ಪ್ರತಿಬಂಧಕದ ಪ್ರಯೋಗ ಸಾಧ್ಯ. ಮೂರು ಸಕ್ಕರೆಯ ಕೈಟೋಟ್ರಯೋಸ್ ಸಣ್ಣ ಪ್ರಮಾಣದಲ್ಲಿ ಸಿಗುತ್ತದೆ. ಅದರ 5 ಮಿಲಿಮೋಲಾರ್ ದ್ರಾವಣದ 26 ಮೈಕ್ರೋಲೀಟರ್ ಕ್ಯುವೆಟ್‌ಗೆ ಹಾಕಿದರೆ 50 ಮೈಕ್ರೋಮೋಲಾರ್ ಆಗುತ್ತದೆ. ಹತ್ತು ಮೈಕ್ರೋಮೋಲಾರ್‌ನ ಆಸುಪಾಸಿನಲ್ಲೇ ಅರ್ಧದಷ್ಟು ಕಿಣ್ವ ಅದನ್ನು ಹಿಡಿದುಕೊಳ್ಳುವುದರಿಂದ ಇಳಿತ ಸ್ಪಷ್ಟವಾಗಿ ತಗ್ಗುತ್ತದೆ. ಹೋಲಿಕೆಗೆ ಅಷ್ಟೇ ಬಫರ್ ಹಾಕಿದ ಓಟ ಇರಲೇಬೇಕು. ಅದೇ ಸಕ್ಕರೆಯನ್ನು 10 ಮಿಲಿಮೋಲಾರ್ ಮಟ್ಟದಲ್ಲಿ ಗುಳಿಯ ದ್ರಾವಣದಲ್ಲೇ ಕರಗಿಸಿ ಹರಳನ್ನು ನೆನೆಸಬಹುದು. ನೀರಿನಲ್ಲಿ ಕರಗಿಸಿ ಹಾಕಿದರೆ ಉಪ್ಪು ತೆಳ್ಳಗಾಗಿ ಹರಳು ಬಿರಿಯುತ್ತದೆ, ಕರಗಲೂಬಹುದು. ಎಕ್ಸ್-ಕಿರಣಕ್ಕೆ ಕಳಿಸುವುದಾದರೆ ಉಪ್ಪು ಹಾಗೇ ಉಳಿಸಿಕೊಂಡು 25 ಪ್ರತಿಶತ ಗ್ಲಿಸರಾಲ್ ಸೇರಿಸಿದ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ದ್ರವ ಸಾರಜನಕಕ್ಕೆ ಇಳಿಸಿ. ಚಿತ್ರದಲ್ಲಿ 3.9, 3.67, 3.44 ಆಂಗ್‌ಸ್ಟ್ರಾಂ ಬಳಿ ಉಂಗುರ ಬಂದರೆ ಗ್ಲಿಸರಾಲ್ ಸಾಲದೆ ನೀರು ಮಂಜಾಗಿದೆ.

ಎಷ್ಟು ಕೊಳ್ಳಬೇಕು? 24 ಗುಳಿಯ ಒಂದು ತಟ್ಟೆಗೆ ಬೇಕಾದ ಪ್ರೋಟೀನ್ 2.4 ಮಿಲಿಗ್ರಾಂ ಮಾತ್ರ, ಕ್ರಿಯಾಶೀಲತೆಯ ಒಂದು ಓಟಕ್ಕೆ ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ. ಒಂದು ಗ್ರಾಂ ಸೀಸೆ ಒಂದು ತರಗತಿಗೆ ಬಹಳ ಕಾಲ ಸಾಕು. ಹತ್ತು ಗ್ರಾಂನ ದೊಡ್ಡ ಸೀಸೆ ಲೆಕ್ಕದಲ್ಲಿ ಅಗ್ಗವಾಗಿ ಕಂಡರೂ ಬೇಡ. ಪ್ರತಿ ಬಾರಿ ತೆರೆದಾಗಲೂ ತೇವ ಒಳಗೆ ಹೋಗುತ್ತದೆ. ಬಂದ ದಿನವೇ 50 ಮಿಲಿಗ್ರಾಂನಂತೆ ಇಪ್ಪತ್ತು ಟ್ಯೂಬುಗಳಿಗೆ ಹಂಚಿ, ಲಾಟ್ ಸಂಖ್ಯೆ ಬರೆದು, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿ ಮೈನಸ್ 20ರಲ್ಲಿಡಿ. ಬೇಕಾದಾಗ ಒಂದು ಟ್ಯೂಬ್, ಒಂದು ಮಿಲಿಲೀಟರ್ ಬಫರ್, ಮತ್ತು 280ರಲ್ಲಿ ಒಂದು ಅಳತೆ.